ಶನಿಯನ್ನು ಬಿಟ್ಟು ಮೂಗುತಿ ಹಿಡಿದ ದುರ್ಬೀನು

"ಇನ್ನ ಮ್ಯಾಲೆ ನಮ್ಮ ಓಣ್ಯಾಗ ಚಿಕ್ಕಿ ಮಿನುಗೂದಿಲ್ಲ! ನಾನು ಬಂದ್ ಮಾಡೀನಿ!"

ಮುಸ್ಸಂಜೆಯಲ್ಲಿ ಹಯವದನ ದೇಸಾಯಿ ತನ್ನ ಮಾಳಿಗೆಯ ಮೇಲೆ, ತಾನೇ ಕಟ್ಟಿದ ದುರ್ಬೀನಿನ ಪಕ್ಕ ನಿಂತು ಹೀಗೆ ಘೋಷಿಸಿದಾಗ, ನೆರೆದ ಧಾರವಾಡದ ಮಂದಿ ಚಪ್ಪಾಳೆ ತಟ್ಟಿದರು. ಪಕ್ಕದ ಮನೆಯ ವಾದಿರಾಜಾಚಾರ್ಯರು ಮಾತ್ರ ಕುರ್ಚಿಯನ್ನು ಮೆಟ್ಟಿಲ ಹತ್ತಿರಕ್ಕೆ ಎಳೆದುಕೊಂಡರು. ಹಾಲು ಉಕ್ಕದಂತೆ ತಡೆಯುವ ಇವನ ಹಿಂದಿನ ಯಂತ್ರ ಒಲೆಯನ್ನೇ ಹಾರಿಸಿತ್ತು!

"ಅಲ್ಲಪಾ, ಮಿನುಗಿದ್ರ ನಿನಗೇನು ತ್ರಾಸು?"

"ಚಿಕ್ಕಿ ಮಿನುಗೂದಿಲ್ರಿ ಕಾಕಾ, ನಡುವಿನ ಗಾಳಿ ಅಲ್ಲಾಡ್ತದ! ಅದಕ್ಕ ಮ್ಯಾಲೆ ಲೇಸರ್ ಹೊಡದು ಆಕಾಶದಾಗ ನಮ್ಮದೇ ಒಂದು ಹಳದಿ ಚಿಕ್ಕಿ ಹಚ್ಚೂದು. ಅದು ಹೆಂಗ ನಡುಗ್ತದೋ ನೋಡಿ, ಈ ತೆಳು ಕನ್ನಡಿ ಸೆಕೆಂಡಿಗೆ ಸಾವಿರ ಸಲ ಉಲ್ಟಾ ಬಾಗ್ತದ. ನಡುಕ ವಜಾ! ಶನಿ ಸುತ್ತಲಿನ ಉಂಗುರ ಕಡದಿಟ್ಟಂಗ ಕಾಣ್ತಾವ!"

ಲೇಸರ್ ಹೊತ್ತಿತು. ಅಷ್ಟರಲ್ಲೇ ಮೋಡವೊಂದು ಅಡ್ಡ ಬಂದು ಹಳದಿ ಚಿಕ್ಕಿ ಮರೆಯಾಯಿತು. ಯಂತ್ರ ಸುಮ್ಮನೆ ಕೂರುವ ಜಾತಿಯದಲ್ಲ. ಇನ್ನೊಂದು ಹಳದಿ ಚುಕ್ಕೆ ಹುಡುಕುತ್ತ ಗರಗರ ತಿರುಗಿ, ಪಕ್ಕದ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಗೋದಾವರಿಬಾಯಿಯ ಬಂಗಾರದ ಮೂಗುತಿಯ ಮೇಲೆ ನಿಂತಿತು. ಆಕೆ ವಾದಿರಾಜಾಚಾರ್ಯರ ಹೆಂಡತಿ.

ದುರ್ಬೀನಿಗೆ ಜೋಡಿಸಿದ ಪರದೆಯ ತುಂಬ ಮೂಗು! ಆಕೆ ಬಗ್ಗಿದರೂ ಎದ್ದರೂ ಚಿತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಆಹಾ, ಎಷ್ಟು ಸ್ಪಷ್ಟ!" ಎಂದರು ಯಾರೋ. "ಆ ಕಂದು ಪುಡಿ ಏನ್ರಿ ಅದು?"

ವಾದಿರಾಜಾಚಾರ್ಯರು ಕುರ್ಚಿಯಿಂದ ಎದ್ದೇಬಿಟ್ಟರು. ನಶ್ಯ! ಬಿಟ್ಟೆನೆಂದು ಯುಗಾದಿಯಂದು ಮಾತು ಕೊಟ್ಟಿದ್ದಳು. ಆ ಮಾತನ್ನು ನಂಬಿ ತಾವು ತಂಬಾಕು ಬಿಟ್ಟು, ಅಂದಿನಿಂದ ಲವಂಗ ಅಗಿಯುತ್ತಿದ್ದರು!

"ಗೋದಾ!"

ಕೂಗಿಗೆ ಬೆಚ್ಚಿ ಗೋದಾವರಿಬಾಯಿ ಆಕ್ಷೀ ಎಂದು ಸೀನಿದಳು. ಯಂತ್ರದ ಲೆಕ್ಕದಲ್ಲಿ ಅದು ಬಿರುಗಾಳಿ. ಸೀನನ್ನು ಸರಿಪಡಿಸಲು ಕನ್ನಡಿ ಹಿಂದಕ್ಕೆ ಬಾಗಿತು, ಇನ್ನೂ ಬಾಗಿತು, ಫಟ್! ಎರಡನೆಯ ಸೀನಿಗೆ ಕನ್ನಡಿಯೇ ಉಳಿದಿರಲಿಲ್ಲ.

ಸದ್ದು ಕೇಳಿ ಆಕೆ ಓಡಿ ಬಂದಳು. ಹಯವದನ ಚೂರು ಆರಿಸುತ್ತಿದ್ದ.

"ಮಾತು ಕೊಟ್ಟಿದ್ದಿ! ನಿನ್ನ ಮೂಗಿನ್ಯಾಗಿನ ನಶ್ಯ ಓಣಿಗೆ ಓಣಿನೇ ನೋಡ್ತು!" ಎಂದು ವಾದಿರಾಜಾಚಾರ್ಯರು ಕಿರುಚಿದರು.

ಗೋದಾವರಿಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ದಿನಾ ಮುಂಜಾನೆ ನಿಮ್ಮೆದುರಿಗೇ ಕೂತು ಏರಸ್ತೀನಿ. ಪೇಪರ್ ಸರಿಸಿದ್ರ ಕಾಣ್ತಿತ್ತು. ಅದಕ್ಕೂ ದುರ್ಬೀನು ಬೇಕಾತೇನ್ರಿ?"