ಮಾಳಿಗೆ ಮೇಲೆ ಸೋಲಾರ್, ಕೆಳಗೆ ನಾನೊಬ್ಬಳೇ

ಸೋಲಾರ್ ಯೋಜನೆಯ ಪ್ರಚಾರಕ್ಕೆಂದು ಮನೆ ಮನೆ ಸುತ್ತುವ ನನ್ನಂಥವರಿಗೆ ನಗುವಿಗೇನೂ ಬರವಿಲ್ಲ. ಬರ ಇರುವುದು ಆ ನಗುವನ್ನು ಸಂಜೆ ಹಂಚಿಕೊಳ್ಳುವ ಜನಕ್ಕೆ. ಯಜಮಾನರು ತೀರಿಕೊಂಡ ಮೇಲೆ ಜೇವರ್ಗಿ ಕಾಲೋನಿಯ ಮನೆಯಲ್ಲಿ ನಾನೊಬ್ಬಳೇ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಬಿಸಿಲಿನ ತಕರಾರು

ರೋಜಾ ಬಡಾವಣೆಯ ಹತ್ತಿರ ಒಂದು ಮನೆ. ಸರ್ಕಾರ ಸಹಾಯಧನ ಕೊಡುತ್ತದೆ, ಮಾಳಿಗೆ ಮೇಲೆ ಸೋಲಾರ್ ಪ್ಲೇಟು ಹಾಕಿಸಿಕೊಳ್ಳಿ ಎಂದು ಮನೆಯವರನ್ನು ಒಪ್ಪಿಸಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಾತ ತಕರಾರು ತೆಗೆದ. ಪ್ಲೇಟುಗಳು ಬಿಸಿಲೆಲ್ಲ ಎಳೆದುಕೊಂಡರೆ ತನ್ನ ಮಾಳಿಗೆಯ ಹಪ್ಪಳ ಒಣಗುವುದು ಹೇಗೆ ಎಂದು. ಎಷ್ಟು ತಿಳಿಹೇಳಿದರೂ ಕೇಳಲೊಲ್ಲ. ಕೊನೆಗೆ ಅವನ ತಾಯಿಯೇ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಖರೇನೇ ಬಿಸಲು ಎಳಕೋತಾವೇನ್ರಿ? ಹಂಗಿದ್ರ ನಮ್ಮ ಮಾಳಗಿ ಮ್ಯಾಲೂ ನಾಕು ಹಾಕ್ರಿ."

ಗೊರಕೆ

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತರೊಬ್ಬರು ಸೋಲಾರ್ ಪಂಪ್ ಹಾಕಿಸಿಕೊಂಡರು. ಮೊದಲು ರಾತ್ರಿ ಕರೆಂಟು ಬಂದಾಗ ನೀರು ಬಿಡಲು ತೋಟದಲ್ಲೇ ಮಲಗುತ್ತಿದ್ದರು. ಈಗ ಹಗಲೇ ಕೆಲಸ ಮುಗಿಯುತ್ತದೆ. ಯೋಜನೆಯಿಂದ ಅನುಕೂಲ ಆಯಿತೇ ಎಂದು ಅವರ ಹೆಂಡತಿಯನ್ನು ಕೇಳಿದೆ. ನೀರನ್ನು ಬಾಯಿ ತುಂಬ ಹೊಗಳಿ, ಆಮೇಲೆ ದನಿ ತಗ್ಗಿಸಿದರು.

"ಆದ್ರ ಮೇಡಂ, ಇವರು ದಿನಾ ಮನ್ಯಾಗೇ ಮಲಗಾಕತ್ತಾರ. ಗೊರಕಿಗೆ ಏನರ ಯೋಜನಾ ಅದ ಏನ್ರಿ?"

ವಾಪಸ್ ಬರುವ ಬಸ್ಸಿನಲ್ಲೂ ನಗುತ್ತಲೇ ಇದ್ದೆ. ನಮ್ಮ ಯಜಮಾನರೂ ಗೊರಕೆ ಹೊಡೆಯುತ್ತಿದ್ದರು. ಈಗ ಅದಿಲ್ಲದೆ ನನಗೆ ನಿದ್ದೆ ಹತ್ತುವುದಿಲ್ಲ.

ತಪಾಸಣೆ

ಊರಿಗೆಲ್ಲ ಬುದ್ಧಿ ಹೇಳುವವಳು ನಾನೇ ಸುಮ್ಮನಿದ್ದರೆ ಹೇಗೆಂದು ನನ್ನ ಮಾಳಿಗೆಗೂ ಹಾಕಿಸಿದೆ. ಒಂಟಿ ಹೆಂಗಸಿಗೆ ಎಷ್ಟು ಕರೆಂಟು ಬೇಕು? ಒಂದು ದೀಪ, ಒಂದು ಫ್ಯಾನು. ಉಳಿದದ್ದೆಲ್ಲ ಲೈನಿಗೆ ವಾಪಸ್ ಹೋಗುತ್ತಿತ್ತು. ಕೆಲವು ತಿಂಗಳು ನೋಡಿದ ಮೀಟರ್ ಓದುವವನಿಗೆ ಅನುಮಾನ ಬಂತು. ಮೀಟರ್ ಕೆಟ್ಟಿರಬೇಕು, ಇಲ್ಲವೇ ಮನೆಯಲ್ಲಿ ಯಾರೂ ವಾಸವಿಲ್ಲ. ಒಂದು ಮಧ್ಯಾಹ್ನ ಮೂವರು ತಪಾಸಣೆಗೆ ಬಂದರು.

ನನಗಂತೂ ಹಬ್ಬ. ನನ್ನ ಬಾಗಿಲನ್ನು ಯಾರಾದರೂ ಬಡಿದು ಎಷ್ಟೋ ದಿನವಾಗಿತ್ತು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕಿ ಸುಸಲಾ ಮಾಡಿದೆ, ಚಹಾ ಇಟ್ಟೆ, ಮೀಟರ್ ನೋಡಲು ಬಂದವರಿಗೆ ದೇವರ ಕೋಣೆಯವರೆಗೂ ಮನೆ ತೋರಿಸಿದೆ. ಹಿರಿಯ ಸಾಹೇಬರು ಎರಡನೇ ಚಹಾ ಮುಗಿಸಿ ಎದ್ದರು. "ಮೀಟರ್ ಬರೋಬ್ಬರಿ ಅದ್ರಿ. ನೀವೂ ಮನ್ಯಾಗ ಅದೀರಿ. ಇನ್ನ ನಾವು ಬರೂ ಕೆಲಸ ಇಲ್ಲ."

ನನ್ನ ಮುಖ ಇಳಿದುಹೋಯಿತು. ಗೇಟಿನ ತನಕ ಹಿಂದೆಯೇ ಹೋಗಿ ಕೇಳಿಕೊಂಡೆ.

"ಸಾಹೇಬ್ರ, ಒಮ್ಮೆ ನೋಡಿದ್ರ ಹ್ಯಾಂಗ ಗೊತ್ತಾಗ್ತದ್ರಿ? ಮುಂದಿನ ತಿಂಗಳೂ ಸ್ವಲ್ಪ ಅನುಮಾನ ಪಡ್ರಿ."