ಸಂಘರತ್ನನ ಸೀಟು

ದೇವಿಂದ್ರಪ್ಪ: ಮುನ್ನೂರಾ ಎಪ್ಪತ್ತೊಂದನೇ ಕಲಂದ ಮೀಸಲಾತಿ ಸರ್ಟಿಫಿಕೇಟ್ ಯಾಕ ಬ್ಯಾಡಂತಿ? ಅದು ಇಲ್ದ ನಮ್ಮ ಜಿಲ್ಲಾದವ್ರಿಗಿ ಸೀಟ್ ಕೊಡ್ತಾರೇನು?

ಸಂಘರತ್ನ: ಅಪ್ಪಾ, ಇದು ಆ ಕೌನ್ಸೆಲಿಂಗ್ ಅಲ್ಲ.

ದೇವಿಂದ್ರಪ್ಪ: ಬಿ.ಎಡ್. ಅಲ್ಲಾ? ಮತ್ತ ನರ್ಸಿಂಗೇನು?

ಹುಮನಾಬಾದಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಬಂದವರಿಗೆ ಇಲ್ಲಿ ಉಚಿತ ಸಲಹೆ. ಕೌನ್ಸೆಲಿಂಗ್ ಎಂದರೆ ಕಾಲೇಜು ಸೀಟಿನದೇ ಎಂದುಕೊಂಡ ಮಂಠಾಳದ ರೈತ ದೇವಿಂದ್ರಪ್ಪ ಸರ್ಟಿಫಿಕೇಟುಗಳ ಚೀಲ ಅಪ್ಪಿಕೊಂಡು ಕುಳಿತಿದ್ದ. ತಾನು ಎಂಥವನೆಂದು ಅಪ್ಪನಿಗೆ ಇಂದು ಹೇಳಿಯೇ ತೀರಬೇಕೆಂದು ಮಗ ಸಂಘರತ್ನ ಕರೆತಂದಿದ್ದ. ಎದುರಿಗೆ ಸಲಹೆಗಾರ್ತಿ ಹುಮೇರಾ.

ದೇವಿಂದ್ರಪ್ಪ: ಮೇಡಂ, ಇವಂದು ಎಷ್ಟನೇ ರೌಂಡ್ ನಡದಾದರಿ?

ಹುಮೇರಾ: ಐದು ಸಲ ಬಂದಾನ್ರಿ.

ದೇವಿಂದ್ರಪ್ಪ: ಐದು ರೌಂಡಾದ್ರೂ ಸೀಟಿಲ್ಲ! ರ‍್ಯಾಂಕ್ ಅಷ್ಟು ಕೆಳಗದೇನ್ರಿ?

ಹುಮೇರಾ: ಇಲ್ಲಿ ರ‍್ಯಾಂಕ್ ಇಲ್ರಿ. ಮನಸ್ಸಿನಾಗ ಏನದ ಅದು ಹೇಳೋದು.

ದೇವಿಂದ್ರಪ್ಪ: ಆಪ್ಷನ್ ಎಂಟ್ರಿ! ಹೇಳೋ, ನಾಚತಿ ಯಾಕ? ಮೊದಲ ಬಸವಕಲ್ಯಾಣ ಹಾಕು, ಆಮ್ಯಾಲ ಹುಮನಾಬಾದ್.

ಸಂಘರತ್ನ: ಆಪ್ಷನ್ ಅಲ್ಲಪಾ ಅದು. ನಾ ಹುಟ್ಟಿದ್ದೇ ಹಂಗ.

ದೇವಿಂದ್ರಪ್ಪ: ನೀ ಹುಟ್ಟಿದ್ದು ಮಂಠಾಳದಾಗ! ಅದಕ್ಕೇ ಅಲ್ಲೇನು ಎಪ್ಪತ್ತೊಂದು ತಂದಿದ್ದು!

ಸಂಘರತ್ನ: ನಂದು ಎಪ್ಪತ್ತೊಂದಲ್ಲ, ಮುನ್ನೂರಾ ಎಪ್ಪತ್ತೇಳು! ನನ್ನಂಥವ್ರಿಗಿ ಜೈಲಿಗಿ ಹಾಕೋ ಕಲಂ. ಸುಪ್ರೀಂ ಕೋರ್ಟೇ ಅದನ್ನ ತಗದ್ಹಾಕ್ಯಾದ!

ದೇವಿಂದ್ರಪ್ಪ: (ದಿಗ್ಗನೆ ಎದ್ದು) ನಮ್ಮ ಕಲಂ ತಗದ್ರಾ? ಬೀದರದವ್ರಿಗಿ ಇದ್ದದ್ದೇ ಅದೊಂದು! ನಡೀರಿ ಮೇಡಂ, ರಸ್ತಾ ಬಂದ್ ಮಾಡೋಣು!

ಸಂಘರತ್ನ: ಅಪ್ಪಾ, ನನಗ ಹುಡುಗೇರ ಮ್ಯಾಲ ಮನಸಾಗಲ್ಲ! ಹುಡುಗರ ಮ್ಯಾಲ ಆಗ್ತದ!

ಚೀಲ ಜಾರಿ ಬಿತ್ತು. ದೇವಿಂದ್ರಪ್ಪ ಮೆಲ್ಲಗೆ ಕುಳಿತ. ಅಪ್ಪ ಎದ್ದು ಹೊರಟೇಬಿಟ್ಟರೆ ತನಗಿನ್ನು ಮನೆಯೇ ಇಲ್ಲವೆಂದು ಸಂಘರತ್ನ ಅಳುತ್ತಲೇ ಆ ಚೀಲ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

ದೇವಿಂದ್ರಪ್ಪ: (ಹುಮೇರಾಳಿಗೆ, ದನಿ ತಗ್ಗಿಸಿ) ಬದಲಿ ಮಾಡಾಕ ಬರಲ್ಲೇನ್ರಿ?

ಹುಮೇರಾ: ಇಲ್ರಿ. ಇದು ಬಿಮಾರಿ ಅಲ್ಲ, ಬದಲಿ ಮಾಡೋದೂ ಇಲ್ಲ.

ದೇವಿಂದ್ರಪ್ಪ: ಅಂದ್ರ ಸೀಟ್ ಪಕ್ಕಾ?

ಹುಮೇರಾ: ಪಕ್ಕಾ.

ದೇವಿಂದ್ರಪ್ಪ: ಮತ್ತ ಐದು ಸಲ ಯಾಕ ಬಂದಾನ?

ಹುಮೇರಾ: ನಿಮಗ ಹ್ಯಾಂಗ ಹೇಳಬೇಕಂತ ಅಂಜಿ ಅಳ್ತಿದ್ದನ್ರಿ.

ದೇವಿಂದ್ರಪ್ಪ: ನನಗಂಜಿ? ನನ್ನ ಮಾತು ಮನ್ಯಾಗ ಎಮ್ಮೀನೂ ಕೇಳಲ್ಲಲ್ಲೋ!

ಟವೆಲಿನಿಂದ ಮೊದಲು ಮಗನ ಮುಖ ಒರೆಸಿದ, ಆಮೇಲೆ ತನ್ನದು.

ಸಂಘರತ್ನ: ಸೀಟ್ ಎಲ್ಲಿ ಆತಂತ ಅವ್ವ ಕೇಳ್ತಾಳ.

ದೇವಿಂದ್ರಪ್ಪ: ಮನ್ಯಾಗೇ ಆತು. ಮ್ಯಾನೇಜ್‌ಮೆಂಟ್ ಕೋಟಾ.

ಸಂಘರತ್ನ: ಮ್ಯಾನೇಜ್‌ಮೆಂಟ್ ನೀನೇನು?

ದೇವಿಂದ್ರಪ್ಪ: ನಾ ಅಲ್ಲೋ, ನಿಮ್ಮವ್ವ! ಮೇಡಂ, ಮುಂದಿನ ಐದು ರೌಂಡ್ ನನ್ನ ಹೆಸರಿಗಿ ಬರೀರಿ. ಅಕಿಗಿ ಹ್ಯಾಂಗ ಹೇಳಬೇಕಂತ ಈಗ ನನಗ ಅಂಜಿಕಿ ಬರಾಕತ್ತಾದ.