ಮೇಷ್ಟ್ರ ಗಾಡಿ ಮತ್ತೆ ನಿಂತದೆ

ಹಳೇ ಬೈಕು ಇಟ್ಟುಕೊಂಡವನು ಕತೆ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಕಿಕ್ ಹೊಡೆದರೆ ಸಾಕು, ಕತೆ ತಾನಾಗಿ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತದೆ.

ನನ್ನ ಮನೆ ಮಂಡ್ಯದ ಗುತ್ತಲಿನಲ್ಲಿ. ನಾನು ವಿಜ್ಞಾನ ಹೇಳಿಕೊಡುವ ಶಾಲೆ ಮದ್ದೂರು ತಾಲ್ಲೂಕಿನ ಆತಗೂರು ಕಡೆ. ಈ ಎರಡರ ನಡುವೆ ನನ್ನನ್ನು ಹೊತ್ತು ತಿರುಗುವುದು ಕೆಲಸ ಸಿಕ್ಕಿದ ವರ್ಷ ಕೊಂಡ ಗಾಡಿ. ಕಾರ್ಬೊರೇಟರ್ ಕಾಲದ್ದು. ಮದುವೆಯಾದ ಮೇಲೆ ಹೆಂಡತಿಯನ್ನು ಅವಳ ತವರು ಕಿರುಗಾವಲಿನಿಂದ ಕರೆತಂದದ್ದು ಇದರ ಮೇಲೆ, ಮಗಳನ್ನು ಮೊದಲ ದಿನ ಶಾಲೆಗೆ ಬಿಟ್ಟದ್ದೂ ಇದರ ಮೇಲೆ. ಈ ಗಾಡಿ ಕಂಡರೆ ನನಗೆ ಪ್ರಾಣ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಇಂಥ ಗಾಡಿಗೆ ಐದಾರು ತಿಂಗಳ ಹಿಂದೆ ಒಂದು ರೋಗ ಹಿಡಿಯಿತು. ಮನೆ ಮುಂದೆ ಒಂದೇ ಕಿಕ್ಕಿಗೆ ಎದ್ದು ನಿಲ್ಲುವುದು, ಹತ್ತು ಹನ್ನೆರಡು ಕಿಲೋಮೀಟರು ಕುದುರೆ ಹಾಗೆ ಓಡುವುದು, ಆಮೇಲೆ ಗೊರಗೊರ ಅಂದು ನಡುರಸ್ತೆಯಲ್ಲಿ ನಿಂತುಬಿಡುವುದು. ಅಲ್ಲಿಂದ ಶುರುವಾಯಿತು ನನ್ನ ಪಾಡು.

ಮಲಗಿಸುವ ವಿದ್ಯೆ

ಮೊದಲ ಸಲ ನಿಂತದ್ದು ಮದ್ದೂರಿಗೆ ಮುಂಚೆ, ಸರ್ವೀಸ್ ರೋಡಿನಲ್ಲಿ. ನಮ್ಮ ಕಡೆ ಗಾಡಿ ನಿಂತರೆ ಒಂಟಿತನ ಅನ್ನುವುದಿಲ್ಲ. ನಾನು ಸ್ಟ್ಯಾಂಡ್ ಹಾಕುವಷ್ಟರಲ್ಲಿ ನಾಲ್ಕು ಜನ ಸುತ್ತ ನಿಂತಿದ್ದರು.

"ಪೆಟ್ರೋಲ್ ಅದಾ ನೋಡುದ್ರಾ ಸಾ?" ಅಂದ ಒಬ್ಬ. ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿದೆ. ಒಳಗೆ ಗುಳುಗುಳು ಅಂತು. ಪೆಟ್ರೋಲ್ ಇತ್ತು. "ಚೋಕ್ ಎಳೀರಿ" ಅಂದ ಇನ್ನೊಬ್ಬ. "ಚೋಕ್ ಎಳುದ್ರೆ ಪೆಟ್ರೋಲ್ ಜಾಸ್ತಿಯಾಗಿ ಕುಂತ್ಬುಡ್ತದೆ ಕಣ್ಲಾ" ಅಂತ ಮೂರನೆಯವನು ಅವನನ್ನೇ ಬೈದ. ಇಬ್ಬರಿಗೂ ಜಗಳ ಹತ್ತಿಕೊಂಡಿತು. ನಾಲ್ಕನೆಯವರು ತಲೆಗೆ ಟವೆಲ್ ಸುತ್ತಿದ ಹಿರಿಯರು. ಜಗಳ ಮುಗಿದ ಮೇಲೆ, "ಸಾ, ಒಂದ್ಸಲ ಎಡಕ್ಕೆ ಮಲಗ್ಸಿ ಎಬ್ಬುಸಿ" ಅಂದರು.

ಮಲಗಿಸಿದೆ, ಎಬ್ಬಿಸಿದೆ, ಕಿಕ್ ಹೊಡೆದೆ. ಗಾಡಿ ಸ್ಟಾರ್ಟ್ ಆಯಿತು. ಹಿರಿಯರು ಮೀಸೆ ಮೇಲೆ ಕೈ ಹಾಕಿಕೊಂಡು ಹೊರಟುಹೋದರು.

ಅವತ್ತಿನಿಂದ ಅದೇ ನನ್ನ ಮಂತ್ರ. ಗಾಡಿ ನಿಂತ ಕೂಡಲೇ ಇಳಿಯುವುದು, ಮುಚ್ಚಳ ತೆಗೆದು ಪೆಟ್ರೋಲ್ ನೋಡುವುದು, ಎಡಕ್ಕೆ ಮಲಗಿಸಿ ಎಬ್ಬಿಸುವುದು, ಹೊರಡುವುದು. ಒಂದು ತಿಂಗಳು ಹೀಗೇ ನಡೆಯಿತು. ದಿನಕ್ಕೆ ನಾಲ್ಕೈದು ಸಲ ರಸ್ತೆ ಬದಿ ಗಾಡಿ ಜೊತೆ ನಾನೂ ಅರ್ಧ ಮಲಗುತ್ತಿದ್ದೆ. ಒಂದು ಬೆಳಿಗ್ಗೆ ಶಾಲೆಯ ಹತ್ತಿರವೇ ಹೀಗೆ ಬಗ್ಗಿದ್ದಾಗ, ಹಾಲು ಹಾಕಿ ಬರುತ್ತಿದ್ದ ಅಜ್ಜಿ ಒಂದು ನಿಂತು ನೋಡಿತು. ಲೊಚಗುಟ್ಟಿತು.

"ಪಾಪ, ಮಕ್ಕಳಿಗೆ ಪಾಠ ಏಳೋ ಮೇಷ್ಟ್ರು" ಅಂದಿತು ಜೊತೆಯಲ್ಲಿದ್ದವಳಿಗೆ. "ಸಂದೆಗಂಟ ಆದ್ರೂ ಕುಡೀದೆ ತಡ್ಕೋಬಾರ್ದಾ?"

ಒಗ್ಗರಣೆ ಸೌಟು

ಆ ಮಾತು ಕೇಳಿದ ಮೇಲೆ ಮಲಗಿಸುವ ವಿದ್ಯೆ ಬಿಟ್ಟೆ. ನಾನೇನು ಕಮ್ಮಿ, ವಿಜ್ಞಾನದ ಮೇಷ್ಟ್ರು. ಕಾರ್ಬೊರೇಟರಿನಲ್ಲಿ ಕಸ ಕೂತಿದೆ ಅಂತ ನಾನೇ ತೀರ್ಮಾನ ಮಾಡಿ, ಒಂದು ಭಾನುವಾರ ಫೋನಿನಲ್ಲಿ ವಿಡಿಯೋ ಹಾಕಿಕೊಂಡು ಅಂಗಳದಲ್ಲಿ ಬಿಚ್ಚಲು ಕೂತೆ.

ಬಿಚ್ಚುವುದು ಸುಲಭ. ಆದರೆ ಒಳಗಿನ ಜೆಟ್ಟು ಅನ್ನುವುದು ಅಕ್ಕಿಕಾಳಿಗಿಂತ ಒಂಚೂರು ದೊಡ್ಡ ಹಿತ್ತಾಳೆ ತುಂಡು. ಅದರ ನಡುವೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ತೂತು. ಪೆಟ್ರೋಲ್ ಹೋಗುವುದು ಆ ತೂತಿನಲ್ಲಿ. ಅದನ್ನು ಪೆಟ್ರೋಲಿನಲ್ಲಿ ನೆನೆಸಬೇಕು ಅಂತ ವಿಡಿಯೋದವನು ಹೇಳಿದ. ಕೈಗೆ ಸಿಕ್ಕಿದ್ದು ಅಡುಗೆಮನೆಯ ಒಗ್ಗರಣೆ ಸೌಟು. ಆಳ ಸರಿಯಾಗಿತ್ತು, ಹಿಡಿಯೂ ಇತ್ತು. ನೆನೆಸಿದೆ, ಊದಿದೆ, ತಿರುಗಿ ಜೋಡಿಸಿದೆ. ಸೌಟನ್ನು ಮೂರು ಸಲ ತೊಳೆದು, ಇದ್ದ ಜಾಗದಲ್ಲೇ ನೇತುಹಾಕಿದೆ. ಹೆಂಡತಿಗೆ ಗೊತ್ತಾಗಲಿಲ್ಲ.

ಅವತ್ತು ಮಧ್ಯಾಹ್ನವೇ ಬಾಮೈದ ಊಟಕ್ಕೆ ಬರಬೇಕೆ? ಇವನು ನನ್ನ ಹೆಂಡತಿಯ ತಮ್ಮ, ಕಿರುಗಾವಲಿನಲ್ಲಿ ಬೇಸಾಯ. ಒಳ್ಳೆಯ ಹುಡುಗ, ಆದರೆ ನನ್ನ ಗಾಡಿಯ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು. ಬಂದಾಗೆಲ್ಲ ಟ್ಯಾಂಕು ಸವರಿ, "ಭಾವ, ನಂಗ್ ಕೊಟ್ಬುಡಿ ಇದ್ನ" ಅನ್ನುತ್ತಾನೆ. ನಾನು ಕೇಳಿಸದವನ ಹಾಗೆ ಇದ್ದುಬಿಡುತ್ತೇನೆ.

ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡ. ನುಂಗದೆ ಬಾಯಲ್ಲೇ ಇಟ್ಟುಕೊಂಡ. ಒಂದು ಸಲ ಸಾರಿನ ಪಾತ್ರೆ ನೋಡಿದ, ಒಂದು ಸಲ ಕಪ್ಪಾಗಿದ್ದ ನನ್ನ ಕೈ ನೋಡಿದ.

"ಅಕ್ಕ" ಅಂದ ನಿಧಾನಕ್ಕೆ, "ಸಾರೇನೋ ಚೆಂದಾಗದೆ. ಆದ್ರೆ ಬಿಸಿ ಮಾಡಕ್ಕೆ ಓಗ್ಬ್ಯಾಡ ಕಣಕ್ಕ. ಒಲೆ ತಾವ ತಕ್ಕೊಂಡೋದ್ರೆ ಮನೆ ಉಳಿಯಾಕಿಲ್ಲ."

ಕಬ್ಬಿನ ಹಾಲು

ಆ ಸಾರನ್ನು ಚರಂಡಿಗೆ ಚೆಲ್ಲಿ ಬಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಮುಂದಿನ ಭಾನುವಾರ ಕಿರುಗಾವಲಿನ ಅವಳ ತವರಲ್ಲಿ ಬಾಡೂಟವಿತ್ತು. "ಇಲ್ಲಿಂದ ಅಲ್ಲಿಗೆ ಓಗೋ ಒಳಗೆ ಗಾಡಿ ಒಂದ್ಸಲ ನಿಂತ್ರೂ, ಅಲ್ಲೇ ನನ್ ತಮ್ಮುಂಗೆ ಕೀ ಕೊಟ್ಟು ಬಸ್ಸಲ್ಲಿ ಬರಾದು. ಆಮ್ಯಾಕೆ ಒಸ ಸ್ಕೂಟ್ರು. ನಿಲ್ನಿಲ್ವಾ, ಇನ್ ಅದ್ರ ಸುದ್ದಿನೇ ಎತ್ತಾಕಿಲ್ಲ." ಬಾಮೈದ ತಕ್ಷಣ, "ಅಕ್ಕ ಏಳಿದ್ಮೇಲೆ ಮುಗೀತು" ಅಂದ. ನಾನೂ ಹೂಂ ಅನ್ನಬೇಕಾಯಿತು. ಸಾರು ಕೆಡಿಸಿದವನಿಗೆ ಎಲ್ಲಿಯ ಬಾಯಿ?

ಇರುವುದು ಒಂದು ವಾರ. ಮಾರನೇ ದಿನವೇ ಮದ್ದೂರಿನ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಆತ ಟ್ಯಾಂಕಿನಿಂದ ಗಾಜಿನ ಬಾಟಲಿಗೆ ಒಂದಿಷ್ಟು ಪೆಟ್ರೋಲ್ ಬಸಿದು ಬಿಸಿಲಿಗೆ ಹಿಡಿದ. ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು.

"ನೋಡಿ ಸಾ, ಈಗಿನ ಪೆಟ್ರೋಲ್ಗೆ ಕಬ್ಬಿಂದು ಸ್ಪಿರಿಟ್ ಬೆರುಸ್ತಾರೆ. ಅದು ನೀರೆಳ್ಕತದೆ. ಅಳೇ ಗಾಡಿಗೆ ಅದು ಆಗಿಬರಾಕಿಲ್ಲ" ಅಂತ ಪೂರಾ ಖಾಲಿ ಮಾಡಿ ತೊಳೆದುಕೊಟ್ಟ.

ಅಲ್ಲೇ ತನ್ನ ಗಾಡಿ ರಿಪೇರಿಗೆ ಬಿಟ್ಟು ಕೂತಿದ್ದ ರೈತರೊಬ್ಬರು ಎದ್ದು ಬಂದು ಬಾಟಲಿ ಮೂಸಿ ನೋಡಿದರು. ಅವರದು ಕಬ್ಬಿನ ಗದ್ದೆಯಂತೆ.

"ಅಂಗಾದ್ರೆ ಇದು ನಮ್ ಕಬ್ಬೇ ಅನ್ನು" ಅಂದರು.

"ಇದ್ರೂ ಇರ್ಬೋದು ಗೌಡ್ರೆ" ಅಂದ ಮೆಕ್ಯಾನಿಕ್.

ಅವರು ನನ್ನ ಗಾಡಿಯನ್ನು ಒಂದು ಸುತ್ತು ಹಾಕಿ, ಬಹಳ ಕರುಣೆಯಿಂದ ಸೀಟಿನ ಮೇಲೆ ಕೈ ಇಟ್ಟರು. "ಮೇಷ್ಟ್ರೆ, ಮದ್ಯಾನ್ನ ಒಂದ್ ದೊಡ್ಡ ಲೋಟ ಕಬ್ನಾಲು ಕುಡುದ್ರೆ ನಂಗೇ ನಿದ್ದೆ ಬತ್ತದೆ. ಇದು ಟ್ಯಾಂಕ್ ತುಂಬಾ ಕುಡ್ದದೆ. ಕಿಕ್ ಒಡೀಬ್ಯಾಡಿ ಬುಡಿ, ಅದು ಒಸಿ ಒತ್ತು ಮಲಿಕ್ಕಳ್ಲಿ."

ಕಿರುಗಾವಲಿಗೆ ಎರಡು ಕಿಲೋಮೀಟರು

ಟ್ಯಾಂಕ್ ತೊಳೆಸಿದರೂ ಆ ವಾರ ಗಾಡಿ ನಿಲ್ಲುವುದು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಹೊರಟೆವು. ನೀರಿನ ಕತೆ ಕೇಳಿದ ಮೇಲೆ ನನ್ನದೊಂದು ಹೊಸ ಸಿದ್ಧಾಂತ ಹುಟ್ಟಿತ್ತು. ಜಾಸ್ತಿ ಪೆಟ್ರೋಲ್ ಇದ್ದರೆ ತಾನೇ ಜಾಸ್ತಿ ನೀರು? ಅದಕ್ಕೇ ದಾರಿಯಲ್ಲಿ ಸಿಕ್ಕಿದ ಬಂಕಿನಲ್ಲೆಲ್ಲ ನಿಲ್ಲಿಸಿ ಅರ್ಧರ್ಧ ಲೀಟರು ಹಾಕಿಸಿದೆ. ಬಂಕಿನಲ್ಲಿ ನಿಂತದ್ದು ನಾನು, ಗಾಡಿಯಲ್ಲ, ಅದು ಲೆಕ್ಕಕ್ಕಿಲ್ಲ ಅಂತ ಹೆಂಡತಿಯನ್ನು ಒಪ್ಪಿಸಿದ್ದೆ. ಮಳವಳ್ಳಿ ಬಂತು, ಅಲ್ಲೂ ಹಾಕಿಸಿದೆ. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಮಳವಳ್ಳಿ ದಾಟಿದ ಮೇಲೆ ನಾನು ಸಿಳ್ಳೆ ಹಾಕತೊಡಗಿದೆ.

ಕಿರುಗಾವಲಿಗೆ ಇನ್ನು ಎರಡು ಕಿಲೋಮೀಟರು ಇದೆ ಅನ್ನುವಾಗ ಗೊರಗೊರ ಅಂತು. ನಿಂತಿತು.

ಹೆಂಡತಿ ಇಳಿದಳು, ಸೆರಗು ಸರಿಮಾಡಿಕೊಂಡಳು, ಕೀ ಕೊಡಿ ಅನ್ನುವ ಹಾಗೆ ಕೈ ಚಾಚಿದಳು. ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು. "ಊರ ತನಕ ನಾನೇ ತಳ್ಕೊಂಡು ಬರ್ತೀನಿ, ಆಮೇಲೆ ಕೊಡ್ತೀನಿ" ಅಂದೆ.

ಹತ್ತಿರದಲ್ಲೇ ಒಂದು ಪಂಕ್ಚರ್ ಅಂಗಡಿ. ಅಂಗಡಿಯವನು ಇದನ್ನೆಲ್ಲ ನೋಡುತ್ತಿದ್ದವನು ಎದ್ದು ಬಂದ. ಎಲ್ಲರ ಹಾಗೆ ಅವನೂ ಟ್ಯಾಂಕಿನ ಮುಚ್ಚಳಕ್ಕೇ ಕೈ ಹಾಕಿದ. ತೆಗೆದಾಗ ಸುಸ್ ಅಂತ ಸದ್ದು ಬಂತು. ಅವನು ಮುಚ್ಚಳವನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದ.

"ಇದ್ಕೆ ಗಂಧ ಅಚ್ಚೋರು ಯಾರು?"

"ನಾನೇ" ಅಂದಳು ನನ್ನ ಹೆಂಡತಿ. "ಸುಕ್ರವಾರ ಸುಕ್ರವಾರ ಪೂಜೆ ಮಾಡ್ತೀನಿ. ಯಾಕೆ?"

"ಎಷ್ಟ್ ದಿನದಿಂದ?"

"ಐದಾರ್ ತಿಂಗಳಾಯ್ತು."

"ಒಂದ್ ಪಿನ್ನಿದ್ರೆ ಕೊಡವ್ವ."

ಅವಳು ಸೆರಗಿನ ಪಿನ್ನು ಬಿಚ್ಚಿಕೊಟ್ಟಳು. ಅವನು ಮುಚ್ಚಳದ ಒಂದು ಸಣ್ಣ ತೂತಿನಿಂದ ಗಂಧ, ಅರಿಶಿನ, ಕುಂಕುಮ, ಮತ್ತೆ ಗಂಧ ಅಂತ ಪದರ ಪದರವಾಗಿ ತೆಗೆದ. ಅಷ್ಟು ಪೂಜೆ ನಮ್ಮ ಮನೆದೇವರಿಗೂ ಆಗಿಲ್ಲ.

"ಸಾ, ಎಣ್ಣೆ ಡಬ್ಬಕ್ಕೆ ಒಂದೇ ತೂತು ಒಡುದ್ರೆ ಎಣ್ಣೆ ಬತ್ತದಾ? ಗಾಳಿ ಓಗಕ್ಕೆ ಇನ್ನೊಂದ್ ಬೇಕು. ಇದು ಆ ತೂತು. ಮುಚ್ಕೊಂಡದೆ. ಓಡ್ತಾ ಓಡ್ತಾ ಒಳ್ಗೆ ಗಾಳಿ ಇಲ್ದೆ ಪೆಟ್ರೋಲ್ ಇಳಿಯಾಕಿಲ್ಲ. ನೀವು ಮುಚ್ಚಳ ತಗುದ್ರೆ ಗಾಳಿ ಓಯ್ತದೆ, ಗಾಡಿ ಓಡ್ತದೆ." ಆಮೇಲೆ ಸುಮ್ಮನಿರದೆ, "ತಾವೇನ್ ಕೆಲ್ಸ ಮಾಡಾದು?" ಅಂತ ಕೇಳಿದ.

ಗಾಳಿಯ ಒತ್ತಡ ಅನ್ನುವ ಪಾಠವನ್ನು ಎಣ್ಣೆ ಡಬ್ಬ ಹಿಡಿದುಕೊಂಡೇ ಇಪ್ಪತ್ತು ವರ್ಷದಿಂದ ಮಾಡುತ್ತಿರುವ ನಾನು, "ಆಫೀಸು" ಅಂದೆ.

ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆದರೂ ತೀರ್ಪಿನ ಪ್ರಕಾರ ನಿಂತದ್ದು ನಿಂತದ್ದೇ. ಕಿರುಗಾವಲಿನಲ್ಲಿ ಬಾಮೈದ ಬಾಗಿಲಲ್ಲೇ ಕಾಯುತ್ತಿದ್ದ. ಗಾಡಿ ಒರೆಸಲು ಹೊಸ ಬಟ್ಟೆ ಬೇರೆ ಹೆಗಲ ಮೇಲೆ.

"ಎಷ್ಟ್ ಸಲ ನಿಂತ್ತಕ್ಕ?"

ನನ್ನ ಹೆಂಡತಿ ಚಪ್ಪಲಿ ಬಿಡುತ್ತಾ, ಅವನ ಮುಖವನ್ನೂ ನೋಡದೆ, "ನಿಲ್ನಿಲ್ಲ ಕಣ್ಲಾ. ಸೀದಾ ಬಂತು" ಅಂದಳು.

ನನಗೆ ಕುಣಿಯುವಷ್ಟು ಖುಷಿ, ಹಾಗೇ ತಲೆ ತುಂಬ ಅನುಮಾನ. ಇಪ್ಪತ್ತು ವರ್ಷದಲ್ಲಿ ಇವಳು ನನಗಾಗಿ ಹೇಳಿದ ಮೊದಲ ಸುಳ್ಳು ಅದು. ಊಟ ಮುಗಿದು ಕೈ ತೊಳೆಯುವಾಗ ಹಿತ್ತಲಲ್ಲಿ ಹಿಡಿದು ಕೇಳಿಯೇಬಿಟ್ಟೆ. "ಯಾಕೇ ಹಂಗಂದೆ? ಸ್ಕೂಟ್ರು ಬೇಡ್ವಾ?"

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಸುಕ್ರವಾರ ಗಂಧ ಅಚ್ವಾಗ ನಾನು ಏನಂತ ಬೇಡ್ಕೋತಿದ್ದೆ ಗೊತ್ತಾ? ಸ್ವಾಮಿ, ಈ ಗಾಡಿ ಕೆಟ್ಟು ನಿಂತೋಗ್ಲಿ ಅಂತ. ಆ ಗಂಧನೇ ಗಾಡಿ ನಿಲ್ಸಿರಾದು ಅಂದಾಗ ನನ್ ಜೀವನೇ ಓದಂಗಾಯ್ತು. ದೇವ್ರು ನನ್ ಮಾತ್ನ ಇಷ್ಟ್ ಕೇಳ್ತಾನೆ ಅಂತ ಗೊತ್ತಿರ್ನಿಲ್ಲ. ಪಾಪ ಮೂಕ ಗಾಡಿ, ಇರ್ಲಿ ಬುಡಿ."

ಎಂಥ ಹೆಂಡತಿ ಅಂದುಕೊಂಡು ಗಾಡಿಯ ಗುಣಗಾನ ಶುರುಮಾಡಿದೆ. ಅದರ ಇಂಜಿನ್ನು, ಅದರ ಮೈಲೇಜು, ಆ ಕಾಲದ ಕಬ್ಬಿಣ, ಈಗಿನ ಸ್ಕೂಟರುಗಳ ಪ್ಲಾಸ್ಟಿಕ್ಕು, ಮಧ್ಯೆ ಗಾಳಿಯ ಒತ್ತಡದ ಪಾಠವನ್ನೂ ಒಂದು ಸುತ್ತು ಹೇಳಿದೆ. ಅವಳು ಕೈ ಒರೆಸಿಕೊಂಡು, ನನ್ನ ಹಣೆಯನ್ನೇ ಬಹಳ ಹೊತ್ತು ನೋಡಿದಳು.

"ಗಾಡಿ ಸಾಕು" ಅಂದಳು. "ಬರೋ ಸುಕ್ರವಾರದಿಂದ ಗಂಧನ ನಿಮ್ಗೇ ಅಚ್ತೀನಿ. ಈ ಬಾಯಿ ನಿಲ್ತದಾ ನೋಡಾನ."